ಬಲಗಡೆಯ ಸೀಟಿಗೆ ವಾಹನಪೂಜೆ

ನನ್ನದೊಂದು ಅರ್ಧ ವಿಮಾನ ಇದೆ ಎಂದರೆ ಸಾಲಿಗ್ರಾಮದಲ್ಲಿ ಯಾರೂ ನಂಬುವುದಿಲ್ಲ. ನಂಬಿದವರು ‘ಯಾವ ಅರ್ಧ, ಮುಂದಿನದ್ದಾ ಹಿಂದಿನದ್ದಾ’ ಎಂದು ಕೇಳಿ ತಲೆ ತಿನ್ನುತ್ತಾರೆ. ಇನ್ನರ್ಧ ಬೈಂದೂರು ಕಡೆಯ ಒಬ್ಬ ಮೀನಿನ ವ್ಯಾಪಾರಿಯದ್ದು. ನಾನು ಮುಂಬೈಯಲ್ಲಿ ಹೋಟೆಲು ನಡೆಸುತ್ತ ಇಡ್ಲಿ-ಸಾಂಬಾರಿನ ನಡುವೆ ವಿಮಾನ ಹಾರಿಸಲು ಕಲಿತವನು. ಅವನು ಬೋಟು ಇಟ್ಟುಕೊಂಡು, ನೀರು ಸಾಕಾಗಿ ಕಲಿತವನು. ಇಬ್ಬರೂ ಸೇರಿ ಎರಡೇ ಸೀಟಿನ, ಯಾರೋ ಬಳಸಿ ಬಿಟ್ಟ ಪುಟ್ಟ ವಿಮಾನವೊಂದನ್ನು ಕೊಂಡೆವು. ಅದು ಇರುವುದು ಘಟ್ಟದ ಮೇಲಿನ ಒಂದು ಸಣ್ಣ ರನ್‌ವೇಯ ಪಕ್ಕದ ಶೆಡ್ಡಿನಲ್ಲಿ. ಅದರ ಮುಖ ನೋಡಬೇಕೆಂದರೂ ಅರ್ಧ ದಿನ ಕಾರು ಓಡಿಸಬೇಕು. ಹಾರುವುದಕ್ಕಿಂತ ಹಾರಲು ಹೋಗುವುದಕ್ಕೇ ಹೆಚ್ಚು ಹೊತ್ತು ಬೇಕು, ಕರ್ಮ.

ಹಾರಿಸುವವನು ಕೂರುವುದು ಎಡಗಡೆ. ಬಲಗಡೆಯ ಸೀಟಿನಲ್ಲಿ ಕೂರದವರಿಲ್ಲ. ನನ್ನ ಭಾವ ಕೂತು ವಾಂತಿ ಮಾಡಿದ. ಯಕ್ಷಗಾನದ ಭಾಗವತರೊಬ್ಬರು ಕೂತರು, ಇಳಿದ ಮೇಲೆ ಆ ವಾರವಿಡೀ ಅವರಿಗೆ ಏರು ಸ್ವರವೇ ಹತ್ತಲಿಲ್ಲ. ಕೂರದವಳು ನನ್ನ ಹೆಂಡತಿ ಒಬ್ಬಳೇ. ಕರೆದಾಗಲೆಲ್ಲ, “ನಿಮ್ ಕಾರಲ್ಲೇ ನಾ ಕಣ್ ಮುಚ್ಕಂಡ್ ಕೂಕಂಬುದ್. ಇನ್ ಅದೊಂದ್ ಕೇಡ್ ನಂಗೆ” ಅನ್ನುತ್ತಿದ್ದಳು. ನಾನು ಹಾರಿ ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿರುತ್ತಿದ್ದಳು. ಹೆದರಿಕೆಯಾಯಿತಾ ಎಂದು ಕೇಳಿದರೆ, “ನಂಗೆಂತ ಹೆದ್ರಿಕೆ?” ಎಂದು ಒಳಗೆ ಹೋಗಿ ಚಾ ಇಡುತ್ತಿದ್ದಳು.

ವಿಮಾನ ಹಾರಿಸುವವನಿಗೆ ಆರೋಗ್ಯದ ಪ್ರಮಾಣಪತ್ರ ಬೇಕು. ನನ್ನದು ದೀಪಾವಳಿಗೆ ಮುಗಿಯುವುದಿತ್ತು. ಡಾಕ್ಟರು ಮೊದಲೇ ಹೇಳಿಬಿಟ್ಟರು, ನಿಮ್ಮ ಕಿವಿ ಮುಂದಿನ ಸಲ ಪಾಸಾಗುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದು. ಮನೆಗೆ ಬಂದು ಹೇಳಿದರೆ ಹೆಂಡತಿ, “ನಿಮ್ ಕಿಮಿ ಕೇಂತಿಲ್ಲೆ ಅಂದೇಳಿ ನಂಗೆ ಮದಿ ಆದ್ ವರ್ಷವೇ ಗೊತ್ತಿತ್ತ್” ಎಂದಳು. ನನಗೆ ನಗು ಬರಲಿಲ್ಲ. ಹಾರುವುದು ಹೋಗುತ್ತದಲ್ಲ ಎಂದಲ್ಲ. ಊರಿನವರನ್ನೆಲ್ಲ ಕೂರಿಸಿಕೊಂಡು ಹಾರಿದವನು ಇವಳೊಬ್ಬಳನ್ನು ಕೂರಿಸದೆ ಮುಗಿಸುತ್ತೇನಲ್ಲ ಎಂದು ಸಂಕಟವಾಗಿ, ಅಷ್ಟನ್ನೂ ಬಾಯಿಬಿಟ್ಟು ಹೇಳಿದೆ.

ಅವಳು ನನ್ನ ಮುಖ ನೋಡಿದಳು. “ಆಯ್ತ್ ಮಾರಾಯ್ರೆ, ಒಂದ್ ಸಲ ಬತ್ತೆ. ಆರೆ ಪೂಜೆ ಆಗ್ದಿದ್ದ್ ಗಾಡಿ ನಾ ಹತ್ತೂದಿಲ್ಲೆ.”

“ವಿಮಾನ ದೇವಸ್ಥಾನಕ್ಕೆ ಹ್ಯಾಂಗೆ ಬಪ್ಪುದ್?”

“ನಾ ಕೂಕಂಬ ಸೀಟ್ ತಕಂಡ್ ಬನ್ನಿ. ಉಳ್ದದ್ದ್ ನಿಮ್ಗ್ ಬಿಟ್ಟದ್.”

ನಾನು ವಾದ ಮಾಡಲಿಲ್ಲ. ಅವಳು ಒಪ್ಪಿದ್ದೇ ದೊಡ್ಡದು. ಘಟ್ಟ ಹತ್ತಿ, ಬಲಗಡೆಯ ಸೀಟಿನ ಕುಶನ್ ಕಿತ್ತು, ಕಾರಿಗೆ ಹಾಕಿಕೊಂಡು ಘಟ್ಟ ಇಳಿದೆ. ಆಯುಧಪೂಜೆಯ ದಿನ ನಮ್ಮೂರ ದೇವಸ್ಥಾನದ ಎದುರು ವಾಹನಗಳ ಸಾಲು. ಎರಡು ಹೊಸ ಸ್ಕೂಟರು, ಒಂದು ಟೆಂಪೊ, ಅದರ ಹಿಂದೆ ಕುಶನ್ ಹೊತ್ತುಕೊಂಡ ನಾನು, ನನ್ನ ಹಿಂದೆ ಒಂದು ಜೆಸಿಬಿ.

ಭಟ್ಟರು ಬಂದರು. “ವಾಹನ ಎಲ್ಲಿತ್ತ್?”

“ಇದೇ.”

“ಇದೆಂತದ್?”

“ವಿಮಾನ.”

ಅವರು ಕುಶನನ್ನೂ ನನ್ನನ್ನೂ ನೋಡಿದರು. “ಚಕ್ರ?”

“ಘಟ್ಟದ್ ಮೇಲಿತ್ತ್.”

ಹಿಂದಿನಿಂದ ಜೆಸಿಬಿಯವನು ಹಾರನ್ ಹೊಡೆದ. ಭಟ್ಟರಿಗೂ ಅವಸರ. ಕುಶನಿಗೆ ಗಂಧ-ಕುಂಕುಮ ಹಚ್ಚಿ, ಗೊಂಡೆ ಹೂವಿನ ಮಾಲೆ ಹಾಕಿ, ಆರತಿ ಎತ್ತಿದರು. ಆಮೇಲೆ ಚಕ್ರದಡಿಗೆ ಇಡುವ ಲಿಂಬೆಹಣ್ಣು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತು, ಕುಶನನ್ನು ನೆಲಕ್ಕಿಟ್ಟು ಹಣ್ಣನ್ನು ಅದರಡಿಗೆ ತಳ್ಳಿದರು. “ಹ್ಞಾ, ಹತ್ತಿ. ಮುಂದೆ ಹೋಯ್ಲಿ.”

ಅಂಗಳದ ನಡುವೆ ಕುಶನಿನ ಮೇಲೆ ಕೂತೆ. ಹಣ್ಣು ಒಡೆಯಲಿಲ್ಲ. ಎದ್ದು ಧಡಕ್ಕನೆ ಕೂತೆ. ಇಲ್ಲ. ಸ್ಕೂಟರಿನವರು ಮೊಬೈಲು ತೆಗೆದರು. ಮೂರನೆಯ ಸಲ ಜೀವ ಹೋದರೆ ಹೋಗಲಿ ಎಂದು ಬಿದ್ದಾಗ ಪಚಕ್ ಎಂದಿತು, ನನ್ನ ಸೊಂಟವೂ ಅದರ ಜತೆಗೇ. ಹೆಂಡತಿ ಕಣ್ಣು ಮುಚ್ಚಿ, ಕೈ ಮುಗಿದು, ಭಕ್ತಿಯಿಂದ ನಿಂತಿದ್ದಳು.

ಅಷ್ಟರಲ್ಲಿ ಪಾಲುದಾರನ ಫೋನು. ಹಬ್ಬದ ರಜೆ ಎಂದು ತನ್ನ ಭಾವಮೈದನನ್ನು ಹಾರಿಸಲು ಅವನು ಘಟ್ಟದ ಮೇಲೆ ಹೋಗಿದ್ದ. “ಹ್ವಾಯ್ ಅಣ್ಣ, ಸೀಟ್ ಎಲ್ಲಿತ್ತ್?”

“ದೇವಸ್ಥಾನದಲ್ಲಿತ್ತ್.”

ವಿಷಯ ಹೇಳಿದೆ. ಅವನಿಗೆ ಸಿಟ್ಟು ನೆತ್ತಿಗೇರಿತು. ಬೋಟಿನಿಂದ ಒಂದು ಹಗ್ಗ ಒಯ್ಯುವುದಾದರೂ ಪಾಲಿನವರಿಗೆ ಹೇಳಿ ಒಯ್ಯುವುದು ಬೋಟಿನವರ ಕ್ರಮ. ನಾನು ಸೀಟನ್ನೇ ಕಿತ್ತು ತಂದಿದ್ದೆ. ಆದರೆ ಅವನ ಸಿಟ್ಟು ಅದಕ್ಕಲ್ಲ.

“ಪೂಜೆ ಮಾಡ್ಸೂದಾರೆ ಎರಡೂ ಸೀಟಿಗೆ ಮಾಡ್ಸ್ಕಿತ್ತ್ ಅಲ್ದಾ? ಈಗ ಬಲ್ಗಡೆ ಕೂತವ್ರ್ ಮಾತ್ರ ಬದ್ಕೂದಾ? ಎಡ್ಗಡೆ ಕೂಕಂಬ ನಾವಿಬ್ರ್ ಎಂತ ಮಾಡೂದ್?”

ಅವನ ಪ್ರಶ್ನೆಯನ್ನು ಹಾಗೇ ಹೆಂಡತಿಗೆ ದಾಟಿಸಿದೆ. ಅವಳಿಗೂ ಅದು ಹೊಳೆದಿರಲಿಲ್ಲವಂತೆ. ಭಟ್ಟರಲ್ಲಿ ಕೇಳಿ ಇನ್ನೆರಡು ಲಿಂಬೆಹಣ್ಣು ತಂದು ಎಡಗಡೆಗೆಂದು ಕಟ್ಟಿಟ್ಟಳು.

ದೀಪಾವಳಿಗೆ ಮುಂಚಿನ ವಾರ ಮೋಡ ಸರಿಯಿತು. ಕುಂಕುಮದ ಕಲೆ ಬಿದ್ದ, ಲಿಂಬೆ ವಾಸನೆಯ ಸೀಟಿನಲ್ಲಿ ಅವಳು ಕೂತಳು. ಘಟ್ಟದ ಅಂಚು ದಾಟುವವರೆಗೆ ಕಣ್ಣೇ ಬಿಡಲಿಲ್ಲ. “ಕಾಣ್ ಮಾರಾಯ್ತಿ, ಸಮುದ್ರ” ಎಂದೆ. ಕಣ್ಣು ಬಿಟ್ಟಳು. ಕುಂದಾಪುರದ ಹೊಳೆಗಳೆಲ್ಲ ಸೇರಿ ಅಳಿವೆಯಲ್ಲಿ ಕಡಲಿಗೆ ಇಳಿಯುವುದು, ದೋಣಿಗಳು, ಹೈವೇಯ ಬಸ್ಸುಗಳು, ಎಲ್ಲ ಬಿಸಿಲಲ್ಲಿ ಬಿದ್ದುಕೊಂಡಿದ್ದವು. ಅವಳು ಗಾಜಿಗೆ ಮೂಗು ಒತ್ತಿ ನೋಡಿದಳು. ಹೊಗಳುತ್ತಾಳೆ ಎಂದು ಕಾದೆ. ಬಿತ್ತು ಹೆಗಲಿಗೊಂದು ಪೆಟ್ಟು.

“ಇಷ್ಟ್ ಚಂದ ಇದ್ದದ್ದನ್ನ ಇಷ್ಟ್ ವರ್ಷ ನೀವೊಬ್ರೇ ಕಂಡ್ರ್ಯಾ? ನನ್ನ ಕರೂಕೆ ಆಯಿಲ್ಯಾ?”

“ಕರ್ದಿದ್ನಲೆ!”

“ಹಾಂಗ್ ಕರೂದಾ? ಸಮಾ ಕರೀಕಿತ್ತ್.”

ಇದಕ್ಕೆ ಯಾವ ಗಂಡಸು ಏನು ಹೇಳಿಯಾನು! ಆದರೂ ಅವತ್ತಿನಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ.

ಡಾಕ್ಟರು ಹೇಳಿದಂತೆ ನನ್ನ ಕಿವಿ ಫೇಲಾಯಿತು. ಬಲಗಡೆ ಕೂರುವುದಕ್ಕೆ ಪ್ರಮಾಣಪತ್ರ ಬೇಡ, ಪಾಲುದಾರ ಹಾರಿಸುವಾಗ ಪಕ್ಕದಲ್ಲಿ ಕೂತರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ಭಾನುವಾರ ಮೂವರೂ ಹೋದೆವು. ನಾನು ಶೆಡ್ಡಿನ ಬಾಗಿಲು ಸರಿಸಿ ಬರುವಷ್ಟರಲ್ಲಿ ಅವಳು ಬಲಗಡೆ ಕೂತು ಬೆಲ್ಟು ಹಾಕಿಯಾಗಿತ್ತು.

“ಇದ್ ನನ್ ಸೀಟ್. ನೀವ್ ಬೇಕಾದಷ್ಟ್ ಕಂಡಾಯ್ತಲೆ” ಎಂದಳು. ಪಾಲುದಾರ ನನ್ನತ್ತ ನೋಡದೆ ನಗು ನುಂಗಿದ.

ನಾನು ಮುಂದಿನ ಚಕ್ರಕ್ಕೊಂದು ಲಿಂಬೆಹಣ್ಣಿಟ್ಟು ಹಿಂದೆ ಸರಿದೆ. ವಿಮಾನ ಅದನ್ನು ಅಪ್ಪಚ್ಚಿ ಮಾಡಿ ಓಡಿತು, ಎದ್ದಿತು, ಚುಕ್ಕೆಯಾಯಿತು. ಮೊದಲು ಹೊಟ್ಟೆ ಉರಿಯಿತು. ಆಮೇಲೆ ಗಾಳಿ ಸ್ವಲ್ಪ ಜೋರಾಯಿತು. ಶೆಡ್ಡಿನ ಬಾಗಿಲಿಂದ ಕದಲಲು ಆಗಲಿಲ್ಲ. ಫ್ಲಾಸ್ಕಿನಿಂದ ಬಗ್ಗಿಸಿಕೊಂಡ ಚಾ ಲೋಟದಲ್ಲೇ ಆರಿಹೋಯಿತು. ಆಕಾಶ ನೋಡಿ ನೋಡಿ ಕುತ್ತಿಗೆ ಹಿಡಿಯಿತು.

ಇಳಿದು ಬಂದವಳು ನನ್ನ ಮುಖ ನೋಡಿ ಕೇಳಿದಳು, “ಹೆದ್ರಿಕೆ ಆಯ್ತಾ?”

“ನಂಗೆಂತ ಹೆದ್ರಿಕೆ?” ಎಂದೆ.

“ನಾನೂ ಹಾಂಗೇ ಹೇಳ್ತಿದ್ದದ್” ಎಂದು ಹೆಂಡತಿ ಫ್ಲಾಸ್ಕಿನ ಮುಚ್ಚಳ ತೆಗೆದಳು.