ಗವಿಯ ಮಗ್ಗುಲಿನ ನೇರಳೆ ಹೂ

ಗುಬ್ಬಿ ತಾಲ್ಲೂಕಿನ ಒಂದು ಬಂಡೆಗುಡ್ಡ. ಮಳೆಗಾಲದಲ್ಲಿ ಅದರ ನೆತ್ತಿಯ ತಗ್ಗುಗಳಲ್ಲಿ ಒಂದಿಷ್ಟು ನೀರು ನಿಂತು, ಸುತ್ತ ಪುಟ್ಟ ಗಿಡಗಳು ಹುಟ್ಟುತ್ತವೆ. ಎರಡು ತಿಂಗಳು ಬದುಕಿ, ಬೀಜ ಉದುರಿಸಿ ಒಣಗಿಹೋಗುತ್ತವೆ. ಆಗ ನಾನು ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪಾಠ ಮಾಡುತ್ತಿದ್ದೆ. ರಜೆ ಸಿಕ್ಕಾಗ ಬಟವಾಡಿಯ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಅಂಥ ಗುಡ್ಡಗಳಿಗೆ ಹೋಗುವುದು ನನ್ನ ಹುಚ್ಚು.

ಆ ಭಾನುವಾರ ಸಂಜೆ ಒಂದು ತಗ್ಗಿನ ಅಂಚಿನಲ್ಲಿ ಎರಡು ಅಂಗುಲ ಎತ್ತರದ ಗಿಡಗಳನ್ನು ಕಂಡೆ. ಎಲೆ ಕೆಂಪು, ಹೂ ತಿಳಿ ನೇರಳೆ, ಕೆಲವುಗಳಲ್ಲಿ ಕಾಯಿಯೂ ಕಟ್ಟಿತ್ತು. ಹೆಸರು ಹೊಳೆಯಲಿಲ್ಲ. ಬಗ್ಗಿ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದಾಗ ಕೆಳಗೆ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಕೂಗಿದರು.

"ಇಳ್ದು ಬಾರವ್ವ. ಅಲ್ಲಿ ಕರಡಿ ಐತೆ. ಮೊನ್ನೆ ಇದೇ ಹೊತ್ನಲ್ಲಿ ಮರಿ ಕಟ್ಕೊಂಡು ಬಂದಿತ್ತು."

ಅಷ್ಟರಲ್ಲಿ ಬೆನ್ನ ಹಿಂದಿನ ಪೊದೆಯಲ್ಲಿ ಏನೋ ಸರಿದಾಡಿತು. ಕಣ್ಣಿಗೆ ಕಂಡಿದ್ದನ್ನೆಲ್ಲ ಬೇರು ಸಮೇತ ಕಿತ್ತು ಕವರಿಗೆ ತುಂಬಿ, ಬಂಡೆಯ ಮೇಲೆ ಕೂತುಕೊಂಡೇ ಜಾರಿ ಇಳಿದೆ. ಮನೆಗೆ ಬಂದು ಪೇಪರಿನ ಮಡಿಕೆಗಳಲ್ಲಿ ಇಟ್ಟು ಒತ್ತುವಾಗ ಎಣಿಸಿದೆ. ಹದಿಮೂರು ಗಿಡ.

ಮುಂದಿನ ಕೆಲವು ತಿಂಗಳು ಕಾಲೇಜಿನ ಸೂಕ್ಷ್ಮದರ್ಶಕದ ಮುಂದೆ ಕೂತು, ಅದೇ ಕುಲದ ಗೊತ್ತಿರುವ ಜಾತಿಗಳ ಜೊತೆ ಒಂದೊಂದಾಗಿ ಹೋಲಿಸಿದೆ. ಯಾವುದರ ಬೀಜದ ಮೇಲೂ ಈ ಥರದ ಗೆರೆಗಳಿರಲಿಲ್ಲ. ಕೊನೆಗೆ ಒಣಗಿಡದ ಹಾಳೆಗಳನ್ನು ರಟ್ಟಿಗೆ ಕಟ್ಟಿಕೊಂಡು ಬಸ್ಸಿನಲ್ಲಿ ಕುಣಿಗಲ್ಲಿಗೆ, ನನಗೆ ಪಾಠ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರ ಮನೆಗೆ ಹೋದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಹೊಸದೇ ಇರ್ಬೇಕಮ್ಮ," ಎಂದರು. ನಾನು ಹಿಗ್ಗುವಷ್ಟರಲ್ಲಿ ಕೇಳಿದರು, "ಅಲ್ಲಿ ಇನ್ನೆಷ್ಟು ಬಿಟ್ಟು ಬಂದಿದೀಯ?"

"ನೋಡ್ಲಿಲ್ಲ ಸಾರ್. ಇದ್ದಿದ್ದೆಲ್ಲ ಕಿತ್ತೆ ಅನ್ಸುತ್ತೆ."

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಮಳೆ ಬಂದ್ಮೇಲೆ ಹೋಗಿ ನೋಡು. ಅಲ್ಲೀವರೆಗೂ ಏನೂ ಬರೀಬೇಡ."

ವಾಪಸ್ಸು ಬರುವಾಗ ರಟ್ಟಿನ ಕಟ್ಟು ತೊಡೆಯ ಮೇಲಿತ್ತು. ಈ ಜಾತಿ ಲೋಕದಲ್ಲಿ ಇದ್ದದ್ದೇ ಇಷ್ಟಾಗಿದ್ದರೆ? ಆ ಬೇಸಿಗೆಯಿಡೀ ಪಾಠ ಮಾಡುತ್ತಿದ್ದಾಗ, ಅಡುಗೆ ಮಾಡುತ್ತಿದ್ದಾಗ ಅದೇ ಪ್ರಶ್ನೆ ಬರುತ್ತಿತ್ತು.

ಮಳೆ ಹಿಡಿದ ಮೇಲೆ ಮೂರು ಸಲ ಹೋದೆ. ತಗ್ಗಿನಲ್ಲಿ ನೀರಿತ್ತು, ಪಾಚಿ ಇತ್ತು, ಬೇರೆ ಗಿಡಗಳೂ ಇದ್ದವು. ಅದೊಂದಿರಲಿಲ್ಲ. ಮೂರನೆಯ ಸಲ ಇಳಿದು ಬಂದವಳು ಅಜ್ಜಿಗೆ ಫೋನಿನಲ್ಲಿದ್ದ ಫೋಟೊ ತೋರಿಸಿದೆ.

"ಇದಾ? ಇದ್ನ ಮೇಕೇನೂ ಮೂಸಾಕಿಲ್ಲ. ಗವಿ ಮಗ್ಗುಲಾಗೆ ಐತೆ."

"ಯಾವ ಗವಿ ಅಜ್ಜಿ?"

"ಕರಡಿ ಗವಿ ಕಣವ್ವ."

ಮರುದಿನ ಬಿಸಿಲೇರಿದ ಮೇಲೆ ಹೊರಟೆವು. ಅಜ್ಜಿ ಮುಂದೆ ತಗಡಿನ ಡಬ್ಬ ಬಡಿಯುತ್ತಾ ನಡೆದರು, ನಾನು ಅವರ ಸೆರಗಿಗೆ ಅಂಟಿಕೊಂಡಂತೆ ಹಿಂದೆ. ಗವಿಯ ಬಾಯಿಂದ ಕಮಟು ವಾಸನೆ ಬರುತ್ತಿತ್ತು. ಪಕ್ಕದಲ್ಲಿ ನೀರು ಜಿನುಗುವ ಸಂದಿಯಲ್ಲಿ ಅವು ಹೂಬಿಟ್ಟಿದ್ದವು. ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು. ನಲವತ್ತೊಂದು. ಒಂದನ್ನೂ ಮುಟ್ಟಲಿಲ್ಲ.

ಆಮೇಲೆ ಲೇಖನ ಬರೆದೆ. ಒಣಗಿಸಿದ್ದ ಗಿಡಗಳಲ್ಲಿ ಒಂದನ್ನು ಜಾತಿಯ ಮಾದರಿಯೆಂದು ಗುರುತಿಸಿ, ಮೊದಲ ಜಾಗದಲ್ಲಿದ್ದುದನ್ನು ಪೂರ್ತಿ ಕಿತ್ತವಳು ನಾನೇ ಎಂದೂ ಸೇರಿಸಿದೆ. ಮೇಷ್ಟ್ರು ಆ ಸಾಲು ಓದಿ, "ಇರ್ಲಿ, ತೆಗೀಬೇಡ," ಎಂದರು. ತಜ್ಞರು ಪರಿಶೀಲಿಸಿ ಹೊಸ ಜಾತಿಯೆಂದು ಒಪ್ಪಿದರು. ಗುಬ್ಬಿ ತಾಲ್ಲೂಕು ಎಂದಷ್ಟೇ ಹೇಳಿ, ಗುಡ್ಡದ ಹೆಸರನ್ನು ಮಾತ್ರ ನಾವು ಎಲ್ಲೂ ಬರೆಯಲಿಲ್ಲ.

ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂದ ವಾರದಲ್ಲೇ ಅಪರಿಚಿತನೊಬ್ಬ ಫೋನ್ ಮಾಡಿದ.

"ಮೇಡಂ, ನಾವು ಅಪರೂಪದ ಗಿಡ ಬೆಳೆಸೋರು. ಲೊಕೇಶನ್ ಕಳ್ಸಿ, ಒಂದೆರಡು ಸಿಕ್ರೆ ಸಾಕು."

"ಅದು ಕುಂಡದಲ್ಲಿ ಬದುಕಲ್ಲ."

"ಅದನ್ನ ನಾವು ನೋಡ್ಕೋತೀವಿ. ಗುಬ್ಬಿ ಕಡೆ ಅಂತ ಗೊತ್ತಾಗಿದೆ, ಹುಡುಕ್ತೀವಿ ಬಿಡಿ."

ಅಜ್ಜಿಯ ಹತ್ತಿರ ಫೋನಿರಲಿಲ್ಲ. ಆಗಲೇ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಎದುರು ಬಂದ ಕಾರುಗಳೊಳಗೆ ಇಣುಕುತ್ತಾ ಹೋದೆ. ಅಜ್ಜಿ ಹುಣಸೆಮರದ ಕೆಳಗೆ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಯಾರೂ ಬಂದಿಲ್ಲ, ಬಂದ್ರೂ ನಾನ್ ತೋರ್ಸಾಕಿಲ್ಲ. ಕುಂತ್ಕೋ, ನೀರ್ ಕುಡಿ," ಎಂದು ಬಾಟಲಿ ಕೊಟ್ಟರು.

ಆ ವರ್ಷ ಯಾರೂ ಬರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತಲು ಈಗಲೂ ಹೆದರುತ್ತೇನೆ.