"ಆತು" ಎಂದ ಮೇಲಿನ ಫೋಟೊ

ಮಕ್ಕಳ ಫೋಟೊ ತೆಗೆಯುವಾಗ ನಾನೊಂದು ಸುಳ್ಳು ಹೇಳುತ್ತಿದ್ದೆ. ಒಮ್ಮೆ ಕ್ಯಾಮೆರಾದ ಗುಂಡಿ ಒತ್ತಿ, "ಆತು, ಏಳು" ಎನ್ನುತ್ತಿದ್ದೆ. ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕೂತ ಮಗು ಮೈ ಸಡಿಲ ಬಿಟ್ಟು, ಮೂಗು ಒರೆಸಿಕೊಂಡೋ ಅವ್ವನ ಕಡೆ ತಿರುಗಿಯೋ ತನ್ನ ನಿಜವಾದ ಮುಖಕ್ಕೆ ಮರಳುತ್ತಿತ್ತು. ಆಗ ಇನ್ನೊಂದು ಸಲ ಒತ್ತುತ್ತಿದ್ದೆ. ಮೊದಲನೆಯದು ಮನೆಯವರಿಗೆ, ಎರಡನೆಯದು ನನಗೆ. ಎರಡನೆಯದನ್ನು ತೋರಿಸಿದರೆ, "ಹಲ್ಲು ಕಿಸದೈತಿ, ಇದು ಬ್ಯಾಡ್ರಿ" ಎನ್ನುತ್ತಿದ್ದರು. ಕ್ಯಾಮೆರಾ ಮರೆತ ಕೂಡಲೇ ಮುಖಕ್ಕೆ ಅದೇನಾಗುತ್ತದೆ ಎಂಬುದು ನನಗೆ ಮುಗಿಯದ ಸೋಜಿಗ. ಆ ಚಟಕ್ಕಾಗಿ ಹೆಂಡತಿಯಿಂದ ಬೈಸಿಕೊಂಡದ್ದೂ ಕಡಿಮೆಯಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಶಿಗ್ಗಾವಿಯ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಸ್ಟುಡಿಯೊ. ಒಂದು ಮಧ್ಯಾಹ್ನ ಹಿರೇಬೆಂಡಿಗೇರಿಯಿಂದ ಒಬ್ಬ ತಾಯಿ ಮೂರು ವರ್ಷದ ಮಗನನ್ನು ಎತ್ತಿಕೊಂಡು ಬಂದಳು. ಮರುದಿನ ಅವನ ಜವಳ, ಹುಟ್ಟುಗೂದಲು ತೆಗೆಸುವ ಶಾಸ್ತ್ರ. ಅದಕ್ಕೆ ಮೊದಲು ಗಂಡುಮಗುವಿಗೂ ಹೂವಿನ ಜಡೆ ಹೆಣೆದು ಫೋಟೊ ತೆಗೆಸುವುದು ರೂಢಿ. ಅವನ ಮೈಮೇಲೆ ಅಕ್ಕನ ಪರಕಾರ, ಪೋಲಕ, ಚೌರಿ ಸೇರಿಸಿ ಸೊಂಟದವರೆಗೆ ಇಳಿಬಿಟ್ಟ ಮೊಗ್ಗಿನ ಜಡೆ, ಕೆನ್ನೆಗೊಂದು ದೃಷ್ಟಿಬೊಟ್ಟು. ಅವಳ ಗಂಡ ಮಿಲಿಟರಿಯಲ್ಲಿದ್ದ. ಜವಳಕ್ಕೆ ರಜೆ ಸಿಕ್ಕಿರಲಿಲ್ಲ.

"ಇವನ ಕೂದ್ಲಾ ಇಷ್ಟು ಬೆಳದದ್ದು ಅವರು ನೋಡೇ ಇಲ್ರಿ. ಮಾರಿ, ಜಡಿ ಎರಡೂ ಕಾಣೂ ಹಂಗ ತಗೀರಿ. ನಾಳೆ ಇರೂದಿಲ್ಲ," ಎಂದಳು.

ಹುಬ್ಬಳ್ಳಿಯಿಂದ ಹೊಸ ಫಿಲ್ಮ್ ಬಂದಿರಲಿಲ್ಲ. ಕ್ಯಾಮೆರಾದಲ್ಲಿ ಉಳಿದದ್ದು ಒಂದೇ ಒಂದು ಫೋಟೊಕ್ಕೆ ಆಗುವಷ್ಟು. ಅದನ್ನು ಹೇಳಿದೆ ಕೂಡ. "ಒಂದ ಸಾಕ್ರಿ," ಎಂದಳು.

ಹುಡುಗನ ಬೆನ್ನ ಹಿಂದೆ ನಿಲುವುಗನ್ನಡಿ ಇಟ್ಟೆ. ಮುಖ ನಮ್ಮತ್ತ, ಜಡೆ ಕನ್ನಡಿಯಲ್ಲಿ. ಕ್ಯಾಮೆರಾ ಕಾಣಬಾರದೆಂದು ಕನ್ನಡಿಯನ್ನು ತುಸು ಓರೆ ಮಾಡಿದೆ. ತಾಯಿ ನನ್ನಿಂದ ಸ್ವಲ್ಪ ದೂರ ನಿಂತು, "ಇಲ್ಲಿ ನೋಡೋ ನನ್ನಪ್ಪಾ" ಎಂದು ಚಪ್ಪಾಳೆ ತಟ್ಟಿದಳು. ಹುಡುಗ ಹುಬ್ಬು ಗಂಟಿಕ್ಕಿ ಕಲ್ಲಿನಂತೆ ನಿಂತ. ಅವಳು ಕೇಳಿದ್ದು ಅದನ್ನೇ. ಆಗಲೇ ಒತ್ತಬೇಕಿತ್ತು. ಆದರೆ ನನ್ನ ಹಾಳು ಬಾಯಿ, ರೂಢಿಬಿದ್ದದ್ದು, ಒತ್ತುವ ಮೊದಲೇ "ಆತು" ಎಂದುಬಿಟ್ಟಿತು.

ಹುಡುಗ ಗಕ್ಕನೆ ಹಿಂದಕ್ಕೆ ತಿರುಗಿದ. ಕನ್ನಡಿಯೊಳಗೆ ಪರಕಾರ ಉಟ್ಟ ಹುಡುಗಿ! ಬೆರಳು ತೋರಿಸಿ, "ಅವ್ವಾ, ಇಕಿ ಯಾರ?" ಎಂದ.

ನನ್ನ ಬೆರಳು ನನ್ನನ್ನು ಕೇಳದೆಯೇ ಒತ್ತಿತು.

ಉಳಿದಿದ್ದ ಒಂದೇ ಫೋಟೊ ಅದಕ್ಕೇ ಮುಗಿಯಿತು. ತಾಯಿ ಮಾತ್ರ, ನಾನು "ಆತು" ಎಂದದ್ದನ್ನು ನಂಬಿ, ಮಗನನ್ನು ಎತ್ತಿಕೊಂಡಿದ್ದಳು. ನಿಜ ಹೇಳುವ ಧೈರ್ಯ ಬರಲಿಲ್ಲ. "ಸೋಮವಾರ ಬರ್ರಿ," ಎಂದು ಕಳಿಸಿದೆ. ಪರರ ಮಗುವಿನ ಹುಟ್ಟುಗೂದಲನ್ನು ನನ್ನ ಚಟಕ್ಕೆ ಬಲಿಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಸೋಮವಾರ ಬಂದಳು. ಕಂಕುಳಲ್ಲಿ ಹುಡುಗನ ಬೋಳುತಲೆ ಮಿರಮಿರ ಮಿಂಚುತ್ತಿತ್ತು. ಫೋಟೊ ಕೊಟ್ಟು, "ತಪ್ಪಾತ್ರಿ, ನಾನು..." ಎಂದು ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಫೋಟೊದಲ್ಲಿ ಈಚೆ ಮೊಗ್ಗುಗಳನ್ನು ಒಂದೊಂದಾಗಿ ಎಣಿಸಬಹುದಾದ ಜಡೆ, ಆಚೆ ಕನ್ನಡಿಯಲ್ಲಿ ಬಾಯಿ ತೆರೆದ ಮಗನ ಮುಖ.

"ಮಾರಿ ಐತಿ. ಜಡಿ ಐತಿ," ಎಂದಳು. ಆಮೇಲೆ ಅವಳ ಬೆರಳು ಕನ್ನಡಿಯ ಅಂಚಿಗೆ ಹೋಗಿ ನಿಂತಿತು. ಅಲ್ಲಿ ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಿಲ್ಲದೆ ಒಬ್ಬಳು ಬಾಯ್ತುಂಬ ನಗುತ್ತಿದ್ದಳು.

"ಇಕಿ ಯಾರ್ರಿ?"

"ನೀವ ಅಲ್ರಿ?"

ಫೋಟೊವನ್ನು ಬೆಳಕಿಗೆ ಹಿಡಿದಳು. "ನಾ ಹಿಂಗ ನಗ್ತೇನೇನ್ರಿ? ಮನ್ಯಾಗ ಕನ್ನಡಿ ಐತ್ರಿ, ಕುಂಕುಮ ಹಚ್ಕೊಳ್ಳಾಕ ನೋಡ್ತೇನಿ. ಅದರ ಮುಂದ ನಿಂತು ಯಾರ ನಗ್ತಾರ್ರಿ?"

ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

"ಇನ್ನೊಂದು ಕಾಪಿ ಮಾಡಿಕೊಡ್ರಿ. ಇದನ್ನ ಅವರಿಗೆ ಕಳಸ್ತೇನಿ. ಅದು ನನಗಿರ್ಲಿ."