ಕಚೇರಿಯೊಳಗಿನ ಮುಯ್ಯಾಳು

೧೯೯೩ನೆಯ ಇಸವಿ ಜೂನ್ ೧೪, ಸೋಮವಾರ, ಪೂರ್ವಾಹ್ನ. ಆಧಾರ: ಪಾಂಡವಪುರದ ಕಚೇರಿಯಲ್ಲಿ ನಾನು ಕೆಲಸಕ್ಕೆ ಹಾಜರಾದ ವರದಿಯ ಪ್ರತಿ. ಅದೇ ದಿನದ ನನ್ನ ದಿನಚರಿ ಬೇರೆ ಮಾತು ಹೇಳುತ್ತದೆ. ಮೈಸೂರಿನಿಂದ ಹೊರಟ ಬಸ್ಸು ಶ್ರೀರಂಗಪಟ್ಟಣ ದಾಟುವ ಮೊದಲೇ ಕೆಟ್ಟು ನಿಂತಿತು. ನಾನು ಕಚೇರಿಯ ಮೆಟ್ಟಿಲು ಹತ್ತಿದಾಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಎರಡೂ ನನ್ನದೇ ಕೈಬರಹ. ಎರಡರಲ್ಲಿ ಒಂದು ಸುಳ್ಳು.

ಆ ಮೆಟ್ಟಿಲ ಮೇಲೆಯೇ ಈ ನಾಡಿನ ಮೊದಲ ಮಾತು ನನ್ನ ಕಿವಿಗೆ ಬಿದ್ದಿತು.

“ಲೇ ಬೋರಾ, ಎಲ್ಲ್ ಸತ್ತೋಗಿದ್ಯಲಾ ಬೆಳಗ್ಗಿಂದ? ನಿನ್ನ ನಂಬ್ಕಂಡ್ ಕುಂತ್ರೆ ಈ ಕಚೇರಿಗೆ ಬೀಗ ಆಕ್ಕಂಡ್ ಹೋಗ್ಬೇಕಾಯ್ತದೆ!”

“ನಾಗಮಂಗ್ಲದಲ್ಲಿ ಬಸ್ಸು ಸಿಗ್ನಿಲ್ಲ ಸಾ. ಅಲ್ಲಿಂದ ನಡ್ಕಂಡ್ ಬರಾನಾ?”

ಗದರಿದವರು ಕಚೇರಿಯ ಮುಖ್ಯಸ್ಥರಾದ ಚಿಕ್ಕಲಿಂಗೇಗೌಡರು; ತಿರುಗಿ ಉತ್ತರ ಕೊಟ್ಟವನು ದಿನಗೂಲಿ ನೌಕರ ಬೋರೇಗೌಡ. ನಾನು ಬಾಗಿಲ ಹೊರಗೇ ನಿಂತೆ. ಒಬ್ಬ ಬಡಪಾಯಿಯ ಕೆಲಸ ಹೋಗುವ ಗಳಿಗೆಯಲ್ಲಿ ಒಳಗೆ ಕಾಲಿಡುವುದು ಸರಿಯಲ್ಲವೆನಿಸಿತು. ಸ್ವಲ್ಪ ಹೊತ್ತಿನ ನಂತರ ಇಣುಕಿದರೆ ಇಬ್ಬರೂ ಒಂದೇ ಮೇಜಿನ ಎದುರುಬದುರು ಕುಳಿತಿದ್ದಾರೆ. ಸಾಹೇಬರು ತಮ್ಮ ಡಬ್ಬಿಯ ರಾಗಿಮುದ್ದೆಯನ್ನು ಮುರಿದು ಅರ್ಧವನ್ನು ಬೋರೇಗೌಡನ ಮುಚ್ಚಳಕ್ಕೆ ಹಾಕುತ್ತಿದ್ದಾರೆ.

“ತಿನ್ನಲಾ ಮೊದ್ಲು. ಬೈಸ್ಕಳಾಕೂ ವಟ್ಟೇಲಿ ಏನಾರ ಇರ್ಬೇಕು.” ನನ್ನನ್ನು ಕಂಡೊಡನೆ ಅವರ ದನಿ ಬದಲಾಯಿತು. “ಬನ್ನಿ, ಬನ್ನಿ, ಪಾಟೀಲ್ರು ಅಲ್ವಾ? ಕುಂತ್ಕಳಿ. ಮುದ್ದೆ ನುಂಗ್ತೀರೋ, ಅಗೀತೀರೋ?”

“ಅಗದ ತಿಂತೇನ್ರಿ,” ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮುದ್ದೆಯನ್ನು ಅಗಿಯುವುದಿಲ್ಲವೆಂಬುದು ನನಗೆ ತಿಳಿದದ್ದು ತುತ್ತು ಹಲ್ಲಿಗೆಲ್ಲ ಅಂಟಿಕೊಂಡ ಮೇಲೆ.

ಊಟದ ಬಳಿಕ ಹಾಜರಾದ ವರದಿಯಲ್ಲಿ ‘ಅಪರಾಹ್ನ’ ಎಂದು ಬರೆಯಹೊರಟ ನನ್ನ ಕೈಯನ್ನು ಅವರು ತಡೆದರು. “ಪೂರ್ವಾಹ್ನ ಅಂತ ಬರೀರಿ. ಕೆಟ್ಟಿದ್ದು ಬಸ್ಸು, ನೀವಲ್ಲ.”

ಬರೆದೆ. ಯಾಕೆ ಬರೆದೆನೆಂದು ಈಗಲೂ ಸ್ಪಷ್ಟವಿಲ್ಲ.

ಧಾರವಾಡದ ಓದುಗರಿಗೆ ನಮ್ಮ ಕಡೆಯ ಕಚೇರಿಯ ರೀತಿಯನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಹದಿಮೂರು ವರ್ಷ ಒಬ್ಬರೇ ಸಾಹೇಬರ ಕೈಕೆಳಗೆ ಕೆಲಸ ಮಾಡಿದ್ದೆ. ಅವರು ಜವಾನನನ್ನೂ ‘ಬರ್ರಿ ಮಲ್ಲಪ್ಪನವರ’ ಎಂದೇ ಕರೆಯುತ್ತಿದ್ದರು, ಯಾರ ಮೇಲೂ ದನಿ ಎತ್ತಿದವರಲ್ಲ. ಆದರೆ ಅವರ ಡಬ್ಬಿಯಲ್ಲಿ ಏನಿರುತ್ತಿತ್ತೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಬೈಗುಳವೂ ಮುದ್ದೆಯೂ ಒಂದೇ ಕೈಯಿಂದ ಬರುತ್ತಿದ್ದವು. ನನಗೆ ಮಾತ್ರ ಬೈಗುಳ ಬರುತ್ತಿರಲಿಲ್ಲ. ಮೊದಲ ಕೆಲವು ತಿಂಗಳು ಅದನ್ನು ನನ್ನ ವಿದ್ವತ್ತಿಗೆ ಸಂದ ಗೌರವವೆಂದೇ ತಿಳಿದುಕೊಂಡಿದ್ದೆ.

ನಮ್ಮದು ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯುವ ಸಣ್ಣ ಸಂಶೋಧನಾ ಶಾಖೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಆಯ್ದ ಬಾವಿಗಳು ನಮ್ಮ ಪಾಲಿಗೆ ಬಂದಿದ್ದವು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಸವರಿ ಬಾವಿಗೆ ಇಳಿಬಿಡುವುದು, ಮೇಲೆತ್ತಿ ಸುಣ್ಣ ಎಲ್ಲಿಯವರೆಗೆ ನೆನೆದಿದೆಯೆಂದು ನೋಡುವುದು, ಬಾವಿಪುಸ್ತಕದಲ್ಲಿ ಬರೆಯುವುದು. ಕರಿಘಟ್ಟದ ಕೆಳಗೆ, ಲೋಕಪಾವನಿಯು ದೊಡ್ಡ ಹೊಳೆಗೆ ಸೇರುವ ಕಡೆ, ಟೇಪು ಬಿಡುವಷ್ಟರಲ್ಲೇ ನೀರು ತಾಕುತ್ತಿತ್ತು. ನಾಗಮಂಗಲದ ಕಡೆ ಟೇಪು ಇಳಿದಷ್ಟೂ ಇಳಿಯುತ್ತಿತ್ತು. ನಮ್ಮ ನವಲಗುಂದದ ಬಾವಿಗಳ ಉಪ್ಪುಪ್ಪು ಸವಳು ನೀರನ್ನು ಬಲ್ಲ ನಾನು ಇಲ್ಲಿ ಪ್ರತಿ ಬಾವಿಯ ನೀರನ್ನೂ ಒಂದು ಗುಟುಕು ಕುಡಿದು ನೋಡುತ್ತಿದ್ದೆ. ಊರವರು “ಉಬ್ಳಿ ಸಾರ್ಗೆ ಬಾಯಾರ್ಕೆ ಜಾಸ್ತಿ” ಎಂದು ಆಡಿಕೊಳ್ಳುತ್ತಿದ್ದರು. ನವಲಗುಂದವನ್ನು ಎಷ್ಟು ಸಲ ವಿವರಿಸಿದರೂ ಇವರ ಪಾಲಿಗೆ ನಾನು ‘ಉಬ್ಳಿ’ಯವನೇ.

ಅಳತೆ ತೆಗೆದವರ ಹೆಸರನ್ನು ಬರೆಯಲು ಬಾವಿಪುಸ್ತಕದಲ್ಲಿ ಒಂದು ಅಂಕಣವಿತ್ತು. ಹಳೆಯ ಪುಸ್ತಕಗಳನ್ನು ಪರಿಶೀಲಿಸುತ್ತ ಹೋದಂತೆ ನನಗೆ ತಲೆ ಕೆಟ್ಟಿತು. ಬೋರೇಗೌಡನ ಹೆಸರಿರುವ ಕಡೆ ಅಂಕಿಗಳು ಸಾಹೇಬರ ಕೈಬರಹದಲ್ಲಿದ್ದವು. ಸಾಹೇಬರ ಪ್ರವಾಸದ ದಿನಗಳ ಅಂಕಿಗಳು ಬೋರೇಗೌಡನ ದಪ್ಪ ಅಕ್ಷರದಲ್ಲಿದ್ದವು. ಬೆರಳಚ್ಚುಗಾರ್ತಿ ನಾಗರತ್ನಮ್ಮನವರನ್ನು ಕೇಳಿದೆ.

“ಮುಯ್ಯಿ ಸಾರ್,” ಎಂದರು ಅವರು, ಯಂತ್ರದಿಂದ ಕೈ ತೆಗೆಯದೆ. “ನಮ್ ಗದ್ದೆ ನಾಟಿಗೆ ನೀವ್ ಒಂದ್ ದಿನ ಬಂದ್ರೆ ನಿಮ್ ನಾಟಿಗೆ ನಾವ್ ಒಂದ್ ದಿನ ಬರಾಕಿಲ್ವಾ? ಅಂಗೇಯ. ನಾಲೇಲಿ ನೀರ್ ಬುಟ್ಟಾಗ ನಾಟಿ ಮಾಡ್ಬೇಕು. ನೀರು ರಜಾ ಚೀಟಿ ಕೇಳ್ತದಾ?”

“ಅಲ್ರೀ, ಸಾಹೇಬ್ರು ಕೈಕೆಳಗಿನವ್ರ ಬಾವಿ ಅಳಿಯೂದಂದ್ರ?”

“ಅವ್ರ್ ನಾಟಿಗೆ ಬೋರ ಹೋಗಿಲ್ವಾ? ಬೆನ್ ಬಗ್ಗುಸ್ದಾಗ ಸಾಹೇಬ ಯಾರು, ಬೋರ ಯಾರು. ಬುಡಿ ಸಾರ್, ನಿಮಗ್ ಇದು ಇಡ್ಸಾಕಿಲ್ಲ.”

ಮುಯ್ಯಾಳು ನಮ್ಮ ಸೀಮೆಯ ಹೊಲಗಳಲ್ಲೂ ಉಂಟು. ಕೂಲಿಯಿಲ್ಲದೆ ಒಂದು ದಿನದ ದುಡಿಮೆಗೆ ಇನ್ನೊಂದು ದಿನದ ದುಡಿಮೆ. ಆದರೆ ಅದು ಹೊಲದ ಬದು ದಾಟಿ ಸರ್ಕಾರಿ ಪುಸ್ತಕದೊಳಗೆ ಬಂದು ಕುಳಿತದ್ದನ್ನು ನಾನು ಕಂಡಿರಲಿಲ್ಲ. ಇದನ್ನು ಅಕ್ರಮವೆನ್ನಬೇಕೋ, ಅಕ್ಕರೆಯೆನ್ನಬೇಕೋ ನಿರ್ಧರಿಸಲಾಗಲಿಲ್ಲ. ನನ್ನ ಪಾಲಿಗೆ ಬರದಿದ್ದರೆ ಸಾಕು ಎಂದುಕೊಂಡೆ.

ಬಂದಿತು. ೧೯೯೪ರ ಫೆಬ್ರವರಿ ಒಂದರ ಸಂಜೆ ತಂತಿ ತಲುಪಿತು: ಅವ್ವನಿಗೆ ಜಡ್ಡು ಜೋರಾಗಿದೆ. ರಜೆಯ ಅರ್ಜಿಗೂ ನಿಲ್ಲದೆ ಹೊರಟೆ. ಎರಡು, ಮೂರು, ನಾಲ್ಕನೆಯ ತಾರೀಖುಗಳಲ್ಲಿ ನಾಗಮಂಗಲದ ಬಾವಿಗಳು ನನ್ನ ಸರದಿಯಲ್ಲಿದ್ದವು. ಅವ್ವ ಚೇತರಿಸಿಕೊಂಡ ಮೇಲೆ ಮರಳಿ ಬಂದು ನೋಡಿದರೆ ಮೂರೂ ದಿನದ ಅಂಕಿಗಳು ಬೋರೇಗೌಡನ ದಪ್ಪ ಅಕ್ಷರದಲ್ಲಿ ತುಂಬಿದ್ದವು. ಹೆಸರಿನ ಅಂಕಣ ಖಾಲಿಯಿತ್ತು. ನಾಗರತ್ನಮ್ಮ ಅದರ ಮೇಲೆ ಬೆರಳಿಟ್ಟು ಪುಸ್ತಕವನ್ನು ನನ್ನತ್ತ ಸರಿಸಿದರು. ಮೂರು ಕಡೆ ಸಹಿ ಮಾಡಿದೆ. ಆ ಸಹಿಗಳು ನನಗೆ ನೆನಪಿವೆ, ಪುಸ್ತಕದಲ್ಲೂ ಇವೆ. ಈ ಒಂದು ಸಂಗತಿಯಲ್ಲಿ ನೆನಪೂ ದಾಖಲೆಯೂ ಒಂದೇ.

“ತಾಯಾರು ಎಂಗವ್ರೆ ಸಾ?” ಎಂದು ಬೋರೇಗೌಡ ಕೇಳಿದ. ಬಾವಿಗಳ ಮಾತೇ ಎತ್ತಲಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ. “ಸಾ, ಮಂಗ್ಳಾರ ನಂದು ನಾಟಿ. ಸಂತೆಬಾಚಳ್ಳಿ ಕಡೆ ಬಾವಿಗಳ್ನ ಒಂದ್ ದಿನ ನೀವ್ ನೋಡ್ಕಬುಡ್ತೀರಾ?”

ಒಂಬತ್ತನೆಯ ತಾರೀಖು, ಮಂಗಳವಾರ. ಹೋದೆ. ಸಂತೆಬಾಚಹಳ್ಳಿಯ ಸುತ್ತಲ ಬಾವಿಗಳನ್ನು ಇಡೀ ದಿನ ಅಳೆದೆ. ಎರಡೆರಡು ಬಾರಿ ಟೇಪು ಬಿಟ್ಟು ಖಚಿತಪಡಿಸಿಕೊಂಡೆ. ಹೆಸರಿನ ಅಂಕಣಕ್ಕೆ ಬಂದಾಗ ನನ್ನ ಹೆಸರನ್ನೇ ಬರೆದೆ. ಸುಣ್ಣ ಎಲ್ಲಿಯವರೆಗೆ ನೆನೆದಿದೆಯೆಂಬುದನ್ನು ಒಂದೊಂದು ಕಣ್ಣು ಒಂದೊಂದು ಬಗೆಯಲ್ಲಿ ನೋಡುತ್ತದೆ. ಆದ್ದರಿಂದ ಅಳೆದವನ ಹೆಸರೂ ಅಳತೆಯ ಒಂದು ಭಾಗ. ಇದು ನಾನು ಕಲಿತ ಶಾಸ್ತ್ರ. ಫೆಬ್ರವರಿಯಲ್ಲಿ ಆ ಶಾಸ್ತ್ರ ಎಲ್ಲಿಗೆ ಹೋಗಿತ್ತೆಂದು ಆಗ ನನಗೆ ಹೊಳೆಯಲೇ ಇಲ್ಲ.

ಬೋರೇಗೌಡ ಮರುದಿನ ಬಂದು ರೂಢಿಯಂತೆ ಹಾಜರಿ ಪಟ್ಟಿಯಲ್ಲಿ ಒಂಬತ್ತಕ್ಕೂ ಸಹಿ ಹಾಕಿದ. ವರ್ಷಗಟ್ಟಲೆ ದಿನಗೂಲಿಯಾಗಿದ್ದವನನ್ನು ಕಾಯಂ ಮಾಡುವ ಪಟ್ಟಿ ಆಗ ತಯಾರಾಗುತ್ತಿತ್ತು. ಅವನ ಹೆಸರು ಅದರಲ್ಲಿತ್ತು. ಸೆಪ್ಟೆಂಬರ್ ಮೊದಲ ವಾರ ಮೈಸೂರಿನಿಂದ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಹಾಜರಿ ಪಟ್ಟಿಯನ್ನೂ ಬಾವಿಪುಸ್ತಕವನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟರು. ಒಂದರಲ್ಲಿ ಬೋರೇಗೌಡ ಕೆಲಸದ ಮೇಲಿದ್ದ. ಇನ್ನೊಂದರಲ್ಲಿ ಅವನ ಬಾವಿಗಳನ್ನು ಪಾಟೀಲ ಅಳೆದಿದ್ದ. ಕಾಯಂ ಪಟ್ಟಿಯಲ್ಲಿ ಅವನ ಹೆಸರನ್ನು ತಡೆಹಿಡಿದು ವಿಚಾರಣೆಗೆ ಆದೇಶವಾಯಿತು. ಸುಳ್ಳು ಹಾಜರಿ ರುಜುವಾತಾದರೆ ಕಾಯಂ ಆಗುವುದಿರಲಿ, ಇದ್ದ ಕೂಲಿ ಕೆಲಸವೂ ಹೋಗುತ್ತಿತ್ತು.

ಸಾಹೇಬರು ನನ್ನನ್ನು ಕರೆದರು. ಬೈಯುತ್ತಾರೆಂದು ಸಿದ್ಧನಾಗಿ ಹೋಗಿದ್ದೆ.

“ಪಾಟೀಲ್ ಸಾಹೇಬ್ರೆ, ದಯವಿಟ್ಟು ಕುಳಿತುಕೊಳ್ಳಿ,” ಎಂದರು, ಪುಸ್ತಕದ ಕನ್ನಡದಲ್ಲಿ. “ತಾವು ನಿಯಮದ ಪ್ರಕಾರವೇ ಬರೆದಿದ್ದೀರಿ. ತಮ್ಮದೇನೂ ತಪ್ಪಿಲ್ಲ.”

ನಮ್ಮ ಧಾರವಾಡದಲ್ಲಿ ಇಂಥ ಮಾತು ಕೇಳಿದವನು ಹಗುರಾಗಿ ಮನೆಗೆ ಹೋಗುತ್ತಾನೆ. ಇಲ್ಲಿ ಅದನ್ನು ಕೇಳಿ ನನಗೆ ಬೆವರು ಬಂತು. ಮಧ್ಯಾಹ್ನ ಡಬ್ಬಿಗಳು ತೆರೆದಾಗ ನನ್ನ ಕುರ್ಚಿ ಅಲ್ಲೇ ಇತ್ತು; ಆದರೆ ‘ಬನ್ನಿ’ ಎನ್ನುವವರಿರಲಿಲ್ಲ. ನಾಗರತ್ನಮ್ಮ ಮಾತ್ರ ಒಂದು ಸಲ ಕೇಳಿದರು: “ಅಲ್ಲಾ ಸಾರ್, ಪೆಬ್ರವರೀಲಿ ನಿಮ್ ಹೆಸ್ರು ಬರ್ಯಾಕೆ ನಿಮ್ಗೆ ಕೈ ನಡುಗ್ನಿಲ್ವಾ?”

ಈ ಪ್ರಶ್ನೆಯೇ ನನ್ನನ್ನು ತಿದ್ದಿತೆಂದು ನಾನು ಮುಂದೆ ಅನೇಕರಿಗೆ ಹೇಳಿದ್ದೇನೆ. ನನ್ನ ನೆನಪಿನಲ್ಲಿ ವಿಚಾರಣೆಯ ಕೋಣೆ, ಕಿಟಕಿಯ ಹೊರಗೆ ಸಾಲಾಗಿ ನಿಂತ ಕಬ್ಬಿನ ಗಾಡಿಗಳು, ಕೈಯಲ್ಲಿದ್ದ ಲೇಖನಿ ಎಲ್ಲವೂ ಸ್ಪಷ್ಟವಾಗಿವೆ. ನಾನು ಫೆಬ್ರವರಿಯ ಮೂರು ದಿನಗಳನ್ನು ಒಪ್ಪಿಕೊಂಡೆ, ಆಗಸ್ಟ್ ಒಂಬತ್ತು ಅದಕ್ಕೆ ಪ್ರತಿಯಾಗಿ ಕೊಟ್ಟ ದಿನವೆಂದು ಬರೆದೆ, ತಪ್ಪಿದ್ದರೆ ಇಬ್ಬರದೂ ಎಂದೆ. ಬೋರೇಗೌಡ ಉಳಿದುಕೊಂಡ. ವರ್ಷಾಂತ್ಯದೊಳಗೆ ಕಾಯಂ ಆದ.

ಆದರೆ ಎರಡು ತಿಂಗಳಲ್ಲಿ ಚಿಕ್ಕಲಿಂಗೇಗೌಡರಿಗೆ ವರ್ಗವಾಯಿತು, ಗದಗಕ್ಕೆ. ಅವರು ಹೊರಟ ದಿನ ಬಸ್ ನಿಲ್ದಾಣಕ್ಕೆ ನಾನೂ ಹೋದೆ, ಹಿಂದೆ ನಿಂತೆ. ಅವರು ಬಸ್ಸಿನ ಮೆಟ್ಟಿಲ ಮೇಲಿಂದ ಎಲ್ಲರಿಗೂ ಕೇಳುವಂತೆ ಕೂಗಿದರು.

“ಲೇ ಪಾಟೀಲ, ಇಲ್ಲಿ ಬಾರ್ಲಾ! ನಿಮ್ಮೂರ್ ಕಡೀಕೇ ಆಕವ್ರೆ ಕಣ್ಲಾ ನನ್ನ. ಅಲ್ಲಿ ಮುದ್ದೆ ಸಿಕ್ತದೇನ್ಲಾ?”

“ಇಲ್ರೀ ಸಾಹೇಬ್ರ. ರೊಟ್ಟಿ.”

“ಅದ್ನ ಅಗೀಬೇಕೇನ್ಲಾ?”

ಹೌದೆಂದು ತಲೆಯಾಡಿಸಿದೆ. ಒಂದೂವರೆ ವರ್ಷದಲ್ಲಿ ಅವರು ನನ್ನನ್ನು ‘ಲೇ’ ಎಂದದ್ದು ಅದೊಂದೇ ದಿನ. ನಾನು ಸತ್ಯ ಬರೆದದ್ದಕ್ಕೆ ಸಂದ ಮನ್ನಣೆ ಅದು ಎಂದು ಇಷ್ಟು ವರ್ಷ ನಂಬಿದ್ದೆ.

ಮುಂದೆ ನಾನು ಇಲ್ಲಿಯೇ ಉಳಿದೆ, ಇಲ್ಲಿಯೇ ನಿವೃತ್ತನಾದೆ. ನವಲಗುಂದಕ್ಕೆ ಹೋದರೆ ಅಣ್ಣನ ಮಕ್ಕಳು “ಕಾಕಾ, ನೀವು ಮಂಡ್ಯದವ್ರಂಗ ಮಾತಾಡ್ತೀರಿ” ಎಂದು ನಗುತ್ತಾರೆ. ಪಾಂಡವಪುರದ ಸಂತೆಯಲ್ಲಿ ಬಾಯಿ ತೆರೆದರೆ ಸೊಪ್ಪಿನವಳು “ಯಾವೂರ್ ಕಡೇರು ಸಾಮಿ?” ಎನ್ನುತ್ತಾಳೆ. ಒಂದು ಕಡೆ ಅಗಿಯುವುದನ್ನು ಮರೆತೆ. ಇನ್ನೊಂದು ಕಡೆ ನುಂಗುವುದನ್ನು ಪೂರ್ತಿ ಕಲಿಯಲಿಲ್ಲ.

ಈ ಬರಹಕ್ಕೆ ಕುಳಿತಾಗ, ಎಲ್ಲವನ್ನೂ ತಾಳೆ ನೋಡುವ ಅಭ್ಯಾಸಬಲದಿಂದ, ಬೋರೇಗೌಡನ ಮನೆಗೆ ಹೋಗಿ ಕೇಳಿದೆ: “ವಿಚಾರಣೆಯಲ್ಲಿ ನಾ ಫೆಬ್ರವರಿ ಮಾತು ಹೇಳಿದ್ದು ನಿಮಗ ನೆನಪೈತೇನ್ರಿ?”

ಅವನು ನನ್ನ ಮುಖ ನೋಡಿದ. “ಅದ್ಯಾಕೀಗ, ಬುಡಿ ಸಾ,” ಎಂದ. “ನಿಮ್ವು ಇನ್ನೂ ಎರಡ್ ದಿನ ಬಾಕಿ ಅವೆ. ನಾಟಿಗ್ ಬನ್ನಿ.” ಆಮೇಲೆ ನಕ್ಕ. ಆ ನಗೆ ಯಾವ ಬಗೆಯದೆಂದು ಗೊತ್ತಾಗದೆ ಕಚೇರಿಗೆ ಅರ್ಜಿ ಹಾಕಿ ವಿಚಾರಣೆಯ ಕಡತದ ನಕಲು ತರಿಸಿದೆ.

ಕಡತದ ವಿವರ ಹೀಗಿದೆ. ನನ್ನ ಹೇಳಿಕೆ, ೧೯೯೪ನೆಯ ಇಸವಿ ಸೆಪ್ಟೆಂಬರ್ ೧೯, ಸೋಮವಾರ, ಐದು ವಾಕ್ಯ. ಫೆಬ್ರವರಿಯ ಪ್ರಸ್ತಾಪ ಅದರಲ್ಲಿಲ್ಲ. ಐದನೆಯ ವಾಕ್ಯ: ‘ಸದರಿ ದಿನ ಬೋರೇಗೌಡರು ಎಲ್ಲಿದ್ದರೆಂಬುದು ನನಗೆ ತಿಳಿಯದು.’ ಮುಂದಿನ ಪುಟ ಚಿಕ್ಕಲಿಂಗೇಗೌಡರದು, ಅದೇ ದಿನಾಂಕ: ‘ಪಾಟೀಲರ ತಾಯಿಯವರಿಗೆ ಅನಾರೋಗ್ಯವಾದಾಗ ಬೋರೇಗೌಡರು ಮೂರು ದಿನ ಅವರ ಬಾವಿಗಳನ್ನು ನೋಡಿಕೊಂಡಿದ್ದರು. ಆಗಸ್ಟ್ ಒಂಬತ್ತು ಅದಕ್ಕೆ ಪ್ರತಿಯಾಗಿ ಕೊಟ್ಟ ದಿನ. ಎರಡೂ ನನ್ನ ಮಾತಿನಂತೆ ನಡೆದವು; ತಪ್ಪಿದ್ದರೆ ನನ್ನದು.’

ದಿನಾಂಕಗಳನ್ನು ಮೂರು ಸಲ ತಾಳೆ ನೋಡಿದೆ. ಎಲ್ಲವೂ ಹೊಂದುತ್ತವೆ. ನಾನು ಬರೆದೆನೆಂದು ನೆನಪಿಟ್ಟುಕೊಂಡ ಮಾತೂ ಕಡತದಲ್ಲಿದೆ. ಕೈಬರಹ ನನ್ನದಲ್ಲ.